ದಪ್ಪ ಕನ್ನಡಕದ ಸೆಂಟರ್

ಜಾರ್ಜ್ ಮೈಕನ್ ಹುಟ್ಟಿದ್ದು 1924ರಲ್ಲಿ, ಅಮೆರಿಕದ ಜೋಲಿಯೆಟ್ ಊರಲ್ಲಿ. ಎತ್ತರ 6 ಅಡಿ 10 ಇಂಚು, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ, ಓಡಿದರೆ ತಡವರಿಸುವ ಕಾಲು. ನೋಟರ್ ಡೇಮ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಅವರನ್ನು ಬೇಡವೆಂದಿತು. ಷಿಕಾಗೊದ ಡಿಪಾಲ್‌ನಲ್ಲಿ ಕೋಚ್ ರೇ ಮೆಯರ್ ಮಾತ್ರ ಬಿಡಲಿಲ್ಲ. ಸ್ಕಿಪ್ಪಿಂಗ್ ಮಾಡಿಸಿದರು, ಡ್ಯಾನ್ಸ್ ಕಲಿಸಿದರು (ಹೌದು, ಡ್ಯಾನ್ಸ್!), ಎರಡೂ ಕೈಯಲ್ಲಿ ಹುಕ್ ಶಾಟ್ ಹೊಡೆಸಿದರು. ಬುಟ್ಟಿಯ ಕೆಳಗೆ ನಿಂತು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಚೆಂಡು ಹಾಕುವ 'ಮೈಕನ್ ಡ್ರಿಲ್' ಅನ್ನು ಹೊಸಬರು ಇಂದಿಗೂ ಮಾಡುತ್ತಾರೆ.

ಮುಂದೆ ಮಿನಿಯಾಪೊಲಿಸ್ ಲೇಕರ್ಸ್‌ಗೆ ಐದು ಚಾಂಪಿಯನ್‌ಶಿಪ್ ತಂದುಕೊಟ್ಟರು. 1950ರಲ್ಲಿ ಫೋರ್ಟ್ ವೇನ್ ತಂಡ, ಮೈಕನ್ ಕೈಗೆ ಸಿಗದಂತೆ ಚೆಂಡನ್ನು ಸುಮ್ಮನೆ ಹಿಡಿದು ನಿಂತೇ 19-18ರಿಂದ ಗೆದ್ದಿತು. ಆ 18ರಲ್ಲಿ 15 ಅಂಕ ಮೈಕನ್ ಅವರದೇ! ಅವರನ್ನು ಬುಟ್ಟಿಯಿಂದ ದೂರವಿಡಲು 1951ರಲ್ಲಿ ಲೇನ್ ಅನ್ನೇ 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು.

ಆಡುತ್ತಲೇ ಕಾನೂನು ಓದಿ ವಕೀಲರೂ ಆದರು. ಕೊನೆಗಾಲದಲ್ಲಿ ಮಧುಮೇಹ ಒಂದು ಕಾಲು ಕಸಿದುಕೊಂಡಿತು, ಡಯಾಲಿಸಿಸ್ ಶುರುವಾಯಿತು. 1965ಕ್ಕೆ ಮೊದಲು ಆಡಿದವರಿಗೆ ಸಿಗುತ್ತಿದ್ದ ಪಿಂಚಣಿ ತೀರಾ ಕಡಿಮೆ. ಅಷ್ಟು ಶ್ರೀಮಂತ ಲೀಗ್‌ಗೆ ಇದು ಶೋಭೆಯಲ್ಲ. ಅದನ್ನು ಹೆಚ್ಚಿಸಲು ಹೋರಾಡುತ್ತಲೇ 2005ರ ಜೂನ್ 1ರಂದು ತೀರಿಕೊಂಡರು. ಅಂತ್ಯಕ್ರಿಯೆಯ ಖರ್ಚು ಕೊಟ್ಟದ್ದು ಇನ್ನೊಬ್ಬ ಸೆಂಟರ್, ಷಕೀಲ್ ಓನೀಲ್.