ಕಾಡಿಗೂ ಲೆಕ್ಕ ಇಟ್ಟ ಬ್ರಾಂಡಿಸ್

ಊರಿನ ಜಾಗದ ಬೇಲಿ ಬದಿಗೆ ನಾಲ್ಕು ತೇಗದ ಗಿಡ ನೆಟ್ಟು ಗಲ್ಫ್‌ಗೆ ಬಂದವರು ನಮ್ಮಲ್ಲಿ ತುಂಬಾ ಮಂದಿ. ಯಾವಾಗ ಕಡಿಯಬಹುದು ಅನ್ನೋದೇ ಎಲ್ಲರ ಪ್ರಶ್ನೆ. ಈ ಪ್ರಶ್ನೆಗೆ ಇಡೀ ಕಾಡಿನ ಲೆಕ್ಕ ಹಾಕಿ ಉತ್ತರ ಹುಡುಕಿದವರು ಡೀಟ್ರಿಚ್ ಬ್ರಾಂಡಿಸ್.

1824ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದ ಅವರು ಸಸ್ಯಶಾಸ್ತ್ರ ಕಲಿತವರು. 1856ರಲ್ಲಿ ಬ್ರಿಟಿಷರು ಅವರನ್ನು ಬರ್ಮಾದ ಪೆಗು ತೇಗದ ಕಾಡುಗಳ ಮೇಲ್ವಿಚಾರಕರಾಗಿ ನೇಮಿಸಿದರು. ಹಡಗು ಕಟ್ಟಲು ತೇಗಕ್ಕೆ ಭಾರೀ ಬೇಡಿಕೆ ಇದ್ದ ಕಾಲ ಅದು. ಕಡಿಯುವವರು ಬಹಳ, ಎಣಿಸುವವರು ಯಾರೂ ಇಲ್ಲ.

ಬ್ರಾಂಡಿಸ್ ಆನೆ ಹತ್ತಿ ಕಾಡು ಸುತ್ತಿದರು. ಕೈಯಲ್ಲಿ ನಾಲ್ಕು ಬಿದಿರಿನ ತುಂಡು, ಒಂದು ಚಾಕು. ಮರಗಳನ್ನು ಸುತ್ತಳತೆ ನೋಡಿ ನಾಲ್ಕು ದರ್ಜೆ ಮಾಡಿದ್ದರು. ದಾರಿ ಪಕ್ಕ ತೇಗ ಕಂಡಾಗಲೆಲ್ಲ ಆಯಾ ದರ್ಜೆಯ ಬಿದಿರಿಗೆ ಒಂದು ಗೀರು. ಎರಡನೇ ದರ್ಜೆಯ ಮರ ಮೊದಲ ದರ್ಜೆಗೆ ಬರಲು 24 ವರ್ಷ ಬೇಕೆಂದು ಅಂದಾಜಿಸಿದರು. ಹಾಗಾಗಿ ದೊಡ್ಡ ಮರಗಳಲ್ಲಿ ವರ್ಷಕ್ಕೆ 24ರಲ್ಲಿ ಒಂದು ಪಾಲು ಮಾತ್ರ ಕಡಿಯಬೇಕು. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದರೆ, ಬಡ್ಡಿ ತಿನ್ನಿ, ಅಸಲು ಮುಟ್ಟಬೇಡಿ.

ಹೊಸ ಗಿಡ ಬೆಳೆಸಲು ಅವರು ಹೋದದ್ದು ಕರೆನ್ ಜನರ ಹತ್ತಿರ. ನಮ್ಮ ಕಡೆಯ ಕುಮರಿ ಬೇಸಾಯದಂತೆ ಅವರೂ ಕಾಡು ಕಡಿದು ಸುಟ್ಟು ಭತ್ತ ಬೆಳೆಯುತ್ತಿದ್ದರು. ಭತ್ತದ ಜೊತೆಗೇ ತೇಗವನ್ನೂ ಹಾಕಿ, ಬದುಕುಳಿದ ಗಿಡಗಳಿಗೆ ಹಣ ಪಡೆಯಿರಿ ಎಂಬ ಏರ್ಪಾಡು ಮಾಡಿದರು. ಟೌಂಗ್ಯಾ ಎಂಬ ಈ ಪದ್ಧತಿ ಮುಂದೆ ಬೇರೆ ಬೇರೆ ಉಷ್ಣವಲಯದ ದೇಶಗಳಿಗೂ ಹೋಯಿತು. ಆದರೆ ತೇಗ ಮೇಲೆದ್ದ ಮೇಲೆ ಆ ಜಾಗ ಸರ್ಕಾರದ ಕಾಡು. ದುಡಿದವರು ಬೇರೆ ಗುಡ್ಡ ನೋಡಿಕೊಳ್ಳಬೇಕಿತ್ತು.

1864ರಲ್ಲಿ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. 1878ರಲ್ಲಿ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಶುರುವಾಯಿತು. ಅದೇ ವರ್ಷ ಕಠಿಣ ಅರಣ್ಯ ಕಾಯ್ದೆಯೂ ಬಂತು. ಊರವರಿಗೂ ತಮ್ಮದೇ ಕಾಡು ಇರಬೇಕೆಂದು ಬ್ರಾಂಡಿಸ್ ವಾದಿಸಿದರು; ಸರ್ಕಾರಕ್ಕೆ ಪೂರ್ತಿ ಹಿಡಿತ ಬೇಕೆಂದವರ ಮಾತೇ ನಡೆಯಿತು. ನಿವೃತ್ತಿಯ ಹೊತ್ತಿಗೆ, 1883ರಲ್ಲಿ, ಮದ್ರಾಸ್ ಪ್ರಾಂತ್ಯದ ಕಾಡುಗಳ ಬಗ್ಗೆಯೂ ವರದಿ ಬರೆದರು. ಆಗ ನಮ್ಮ ದಕ್ಷಿಣ ಕನ್ನಡ ಆ ಪ್ರಾಂತ್ಯದಲ್ಲೇ ಇತ್ತು.

ಬಾನ್‌ಗೆ ಮರಳಿದ ಮೇಲೂ ಭಾರತದ ಮರಗಳನ್ನು ಬಿಡಲಿಲ್ಲ. ಅವುಗಳ ಬಗ್ಗೆ ಬರೆದ ದೊಡ್ಡ ಪುಸ್ತಕ 1906ರಲ್ಲಿ ಬಂತು, ಮರುವರ್ಷ ತೀರಿಕೊಂಡರು. ಮರದ ಲೆಕ್ಕ ಇಲಾಖೆಯಲ್ಲಿ ಉಳಿಯಿತು, ಊರವರ ಪಾಲಿನ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.