ಗುಬ್ಬಿ ಕಂಪನಿಯ ಹುಡುಗ

ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಊರಿಗೆಲ್ಲ ಹಿಗ್ಗು. ಮಗ ಅದನ್ನೇ ಬದುಕು ಮಾಡಿಕೊಳ್ಳುತ್ತೇನೆಂದರೆ ಮಾತ್ರ ಹೆತ್ತವರಿಗೆ ಗಾಬರಿ!

1929ರಲ್ಲಿ ದಕ್ಷಿಣ ಕನ್ನಡದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದರು. ಓಡಿಬಂದ ಹುಡುಗನನ್ನು ದುಡಿಸಿಕೊಳ್ಳುವುದು ಸುಲಭ. ಗುಬ್ಬಿ ವೀರಣ್ಣನವರು ಹಾಗೆ ಮಾಡದೆ, ಮುಂದೆ ಅವರನ್ನು ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ಎಷ್ಟು ಯಜಮಾನರು ಹೀಗೆ ಮಾಡಿಯಾರು?

ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದಕ್ಕೇ ನಿರ್ದೇಶಕರಾದರು. ಶಾಲೆಯ ಶಿಬಿರಗಳನ್ನು ದೂರದ ರಾಜ್ಯಗಳಿಗೆ ಒಯ್ದರು. ‘ಮ್ಯಾಕ್‌ಬೆತ್’ಗೆ ಯಕ್ಷಗಾನದ ಹೆಜ್ಜೆ ಕೊಟ್ಟರು.

2002ರಲ್ಲಿ ತೀರಿಕೊಳ್ಳುವ ಮುನ್ನ ಅವರು ನಮ್ಮ ನೆರೆಗೂ ಬಂದರು. ಶ್ರೀರಂಗಪಟ್ಟಣದಿಂದ ಹೊಳೆ ದಾಟಿದರೆ ಸಿಗುವ ಮೈಸೂರಿನಲ್ಲಿ 1989ರಲ್ಲಿ ‘ರಂಗಾಯಣ’ ಕಟ್ಟಿದರು. ತರುಣ ತರುಣಿಯರು ಅಲ್ಲಿ ನಟನೆ ಕಲಿತರು, ತಿಂಗಳ ಸಂಬಳವನ್ನೂ ಪಡೆದರು.