ಬರಿಗಾಲಿನಿಂದ ಒಲಿಂಪಿಕ್ಸಿಗೆ: ನಮ್ಮ ಜಿಲ್ಲೆಯ ಚೌಗುಲೆ

ನಮ್ಮ ಬೈಲಹೊಂಗಲ ಸೀಮೆ ಅಂದ್ರೆ ಎಲ್ಲಾರಿಗೂ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ನೆನಪಾಗ್ತಾರ. ಅವರ ಬಗ್ಗೆ ಪಾಠದಾಗ ಓದೇವಿ. ಆದರೆ ನಮ್ಮ ಜಿಲ್ಲೆಯವರೇ ಒಬ್ಬರು ನೂರು ವರ್ಷಕ್ಕೂ ಹಿಂದೆ ಒಲಿಂಪಿಕ್ಸಿನಲ್ಲಿ ಓಡಿದ್ದು ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಫಡೆಪ್ಪ ದಾರೆಪ್ಪ ಚೌಗುಲೆ.

ಚೌಗುಲೆಯವರು ಬೆಳಗಾವಿಯವರು. ಹುಟ್ಟಿದ್ದು 1902ರಲ್ಲಿ. ಆಗ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಓಟದ ಸ್ಪರ್ಧೆ ನಡೆಯಿತು. ರೈತರ ಮಕ್ಕಳು ಬರಿಗಾಲಿನಲ್ಲಿ ಓಡಿದರು. ಅದನ್ನು ಸರ್ ದೊರಾಬ್ಜಿ ಟಾಟಾ ನೋಡಿದರು. ಸರಿಯಾದ ತಾಲೀಮು ಇಲ್ಲದೇ ಇಷ್ಟು ಜೋರು ಓಡತಾರಲ್ಲ ಅಂತ ಅವರಿಗೆ ಆಶ್ಚರ್ಯವಾಯಿತು. ಇವರನ್ನು ಒಲಿಂಪಿಕ್ಸಿಗೆ ಕಳಿಸಲೇಬೇಕೆಂದು ತಮ್ಮ ಹಣವನ್ನೂ ಕೊಟ್ಟರು. ನಾಲ್ಕು ಓಟಗಾರರು, ಇಬ್ಬರು ಪೈಲ್ವಾನರು ಆಯ್ಕೆಯಾದರು. ಅವರಲ್ಲಿ ಚೌಗುಲೆ ಒಬ್ಬರು, ಹುಬ್ಬಳ್ಳಿಯ ಕೈಕಾಡಿ ಇನ್ನೊಬ್ಬರು.

ಹಡಗಿನಲ್ಲಿ ಹೋಗಿ ಮೊದಲು ಇಂಗ್ಲೆಂಡಿನಲ್ಲಿ ತಾಲೀಮು ಮಾಡಿದರು. ಯಾಕಂದ್ರೆ ಅಲ್ಲಿಯ ಚಳಿ, ಊಟ, ನೆಲ ಎಲ್ಲಾ ಬೇರೆ. ಶಕ್ತಿ ಇದ್ದರಷ್ಟೇ ಸಾಲದು, ಹೊಸ ಜಾಗದಾಗ ಅಂಜಿಕೆ ಹೋಗಬೇಕು.

1920ರ ಆಗಸ್ಟಿನಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ಒಲಿಂಪಿಕ್ಸ್ ನಡೆಯಿತು. 10,000 ಮೀಟರ್ ಓಟದಲ್ಲಿ ಚೌಗುಲೆ ಫೈನಲ್‌ಗೆ ಬರಲಿಲ್ಲ. ಬೇರೆಯವರಾಗಿದ್ದರೆ ಮನಸ್ಸು ಮುರಿದು ಕೂಡ್ರತಿದ್ದರು. ಆದರೆ ಅವರು ಆಗಸ್ಟ್ 22ರಂದು ಮ್ಯಾರಥಾನ್ ಓಡಲು ನಿಂತರು. ದೂರ 42.75 ಕಿಲೋಮೀಟರ್. ಅಂದು ಮಳೆ, ಚಳಿ. ನಮ್ಮ ದೇಶದ ಸದಾಶಿವ ದಾತಾರ ಅವರಿಗೆ ಓಟ ಮುಗಿಸಲು ಆಗಲಿಲ್ಲ. ಚೌಗುಲೆ ಮಾತ್ರ ನಿಲ್ಲಲಿಲ್ಲ. 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಫಿನ್‌ಲ್ಯಾಂಡಿನ ಕೊಲೆಹ್‌ಮೈನೆನ್ ಗೆದ್ದರು. ಚೌಗುಲೆಯವರಿಗೆ ಪದಕ ಸಿಗಲಿಲ್ಲ. ಆದರೂ ಅವರು ಗೆದ್ದಂಗ ಅಂತ ನನಗೆ ಅನಿಸ್ತದ.

ನಾನೂ 600 ಮೀಟರ್ ಓಡತೇನಿ. ಬೈಲಹೊಂಗಲದಾಗ ತಾಲೂಕಾ ಮಟ್ಟದ ಆಟ ಅಂದ್ರೆ ಗೆರೆ ಮುಂದ ನಿಂತಾಗ ಕಾಲು ನಡುಗ್ತಾವ, ಬಾಯಿ ಒಣಗ್ತದ. ಅದಕ್ಕ ನಮ್ಮ ದೈಹಿಕ ಶಿಕ್ಷಕರು ಎಲ್ಲಾ ಹುಡುಗರನ್ನ ಎರಡೂ ಕಡೆ ನಿಲ್ಲಿಸಿ, ಕೂಗಲು ಹೇಳಿ, ನಡುವ ನಮ್ಮನ್ನ ಓಡಸ್ತಾರ. ಮೊದಲ ದಿನ ಗಾಬರಿಯಾಗ್ತದ. ನಾಲ್ಕನೇ ದಿನ ಕೂಗು ಕೇಳೋದೇ ಇಲ್ಲ. ಅಂಜಿಕೆನೂ ರೂಢಿಯಿಂದ ಕಡಿಮೆ ಆಗ್ತದ ಅಂತ ನನಗೆ ತಿಳಿಯಿತು.

ಚೌಗುಲೆಯವರು 1952ರಲ್ಲಿ ತೀರಿಕೊಂಡರು. ಗೆಳೆಯರೇ, ಆಟದಾಗಾಗಲಿ ಪರೀಕ್ಷೆಯಾಗಾಗಲಿ ಒಮ್ಮೆ ಸೋತರೆ ಅಳಬೇಡಿರಿ. ಮರುದಿನ ಮತ್ತೆ ಗೆರೆ ಮುಂದ ಬಂದು ನಿಲ್ಲಿರಿ.

— 7ನೇ ತರಗತಿ